ಇಂಚಗೇರಿಯಿಂದ ಖೇತವಾಡಿಗೆ: ಗುರು ಕೊಡುವುದಾದರೂ ಏನನ್ನು?

ಕಳೆದ ಚಳಿಗಾಲದಲ್ಲಿ ವಿಜಯಪುರದಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದ ಮಾವನವರು, ಗೇಟ್‌ವೇ ಬೇಡ, ಸಿದ್ಧಿವಿನಾಯಕನ ಸಾಲೂ ಬೇಡ, ಆದರೆ ಬಾಣಗಂಗೆಗೆ ಮಾತ್ರ ಕರೆದುಕೊಂಡು ಹೋಗಬೇಕು ಎಂದರು. ಮುಂಬಯಿಯಲ್ಲಿ ಇಪ್ಪತ್ತು ವರ್ಷ ಕಳೆದಿದ್ದರೂ ವಾಲಕೇಶ್ವರದ ಆ ಹಳೆಯ ಪುಷ್ಕರಣಿ ನನ್ನ ಪಾಲಿಗೆ ಪಿತೃಪಕ್ಷದಲ್ಲಿ ಜನ ಸೇರುವ ಜಾಗವಾಗಿತ್ತೇ ಹೊರತು, ಅಲ್ಲಿ ನಮ್ಮ ಕಡೆಯ ಗುರುಪರಂಪರೆಯೊಂದರ ಸಮಾಧಿ ಇದೆ ಎಂಬುದು ತಿಳಿದಿರಲಿಲ್ಲ. ಮಾವನವರಿಗೆ ಹದಿನೇಳನೆಯ ವಯಸ್ಸಿಗೆ ಇಂಚಗೇರಿ ಸಂಪ್ರದಾಯದಲ್ಲಿ ನಾಮ, ಅಂದರೆ ಜಪಿಸಲು ಗುರು ಕೊಡುವ ದೇವರ ಹೆಸರು, ಸಿಕ್ಕಿದೆ. ಅಂದಿನಿಂದ ಒಂದು ದಿನವೂ ಅವರು ನೇಮ ತಪ್ಪಿಸಿಲ್ಲ. ದಾರಿಯಲ್ಲಿ, ಗುರುವಿಲ್ಲದೆ ಎಚ್ಚರವಾಗುವುದೇ ಇಲ್ಲವೇ, ಗುರು ಕೊಡುವುದಾದರೂ ಏನನ್ನು ಎಂದು ಕೇಳಿದೆ. "ಬೀಜ ಅವರು ಕೊಡ್ತಾರ. ಹೊಲಾ ನಾವಾ ಹರಗಬೇಕು" ಎಂದು ಹೇಳಿ ಅವರು ಕಿಟಕಿಯತ್ತ ತಿರುಗಿದರು.

ಒಕ್ಕಲುತನದ ಈ ಮಾತು ಸರಳವಾಗಿ ಕಂಡರೂ, ಗುರುವಿನ ಪಾತ್ರದ ಬಗ್ಗೆ ನಮ್ಮಲ್ಲಿ ನಡೆದಿರುವ ದೀರ್ಘ ಜಿಜ್ಞಾಸೆಯ ತಿರುಳು ಅದರಲ್ಲಿದೆ. ಕನ್ನಡದಲ್ಲೇ ಎರಡು ಮಾತುಗಳು ಎದುರುಬದುರಾಗಿ ನಿಂತಿವೆ. ಗುರುವಿನ ಗುಲಾಮನಾಗುವ ತನಕ ಮುಕ್ತಿಯಿಲ್ಲ ಎಂಬ ದಾಸರ ಮಾತು ಒಂದು. ಅರಿವೇ ಗುರು ಎಂಬ ಶರಣರ ಮಾತು ಇನ್ನೊಂದು. ಗುರು ಬೇಕೆನ್ನುವವರು ಮೊದಲನೆಯದನ್ನು, ಬೇಡವೆನ್ನುವವರು ಎರಡನೆಯದನ್ನು ಹಿಡಿದುಕೊಂಡು ವಾದಿಸುತ್ತಾರೆ. ನನ್ನ ಮಟ್ಟಿಗೆ ಇವು ಪರಸ್ಪರ ಖಂಡಿಸುವ ಮಾತುಗಳಲ್ಲ. ಅದು ಹೇಗೆಂಬುದನ್ನು ವಿಜಯಪುರ ಜಿಲ್ಲೆಯ ಒಂದು ಮಠದಿಂದ ಗಿರಗಾಂವದ ಒಂದು ಗಲ್ಲಿಯವರೆಗೆ ಹರಿದುಬಂದ ಪರಂಪರೆಯನ್ನು ಮುಂದಿಟ್ಟುಕೊಂಡೇ ವಿವರಿಸುವುದು ಅನುಕೂಲ.

ಅದಕ್ಕೂ ಮೊದಲು ಎಚ್ಚರವೆಂದರೆ ಏನು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳಬೇಕು. ವೇದಾಂತದಲ್ಲಿ ಈ ಪದಕ್ಕೆ ಹೊಸ ಶಕ್ತಿಯೊಂದನ್ನು ಪಡೆಯುವುದು, ದರ್ಶನಗಳನ್ನು ಕಾಣುವುದು ಅಥವಾ ಸದಾ ಆನಂದದಲ್ಲಿ ತೇಲುವುದು ಎಂಬ ಅರ್ಥವಿಲ್ಲ. ತಾನು ಯಾರೆಂಬ ವಿಷಯದಲ್ಲಿ ಇದ್ದ ತಪ್ಪು ತಿಳಿವಳಿಕೆ ಕಳಚಿಬೀಳುವುದೇ ಎಚ್ಚರ. ಇದನ್ನು ಹೇಳಲು ಬಳಸುವ ಹತ್ತನೆಯವನ ಕಥೆ ಬಹುತೇಕರಿಗೆ ಗೊತ್ತು. ಹತ್ತು ಜನ ಹೊಳೆ ದಾಟಿದ ಮೇಲೆ ಎಲ್ಲರೂ ಬಂದರೋ ಇಲ್ಲವೋ ಎಂದು ಎಣಿಸುತ್ತಾರೆ. ಎಣಿಸುವವನು ತನ್ನನ್ನು ಬಿಟ್ಟು ಎಣಿಸುವುದರಿಂದ ಪ್ರತಿಸಲವೂ ಒಂಬತ್ತೇ ಆಗುತ್ತದೆ. ಒಬ್ಬ ಕೊಚ್ಚಿಹೋದನೆಂದು ಅಳುತ್ತ ಕೂರುತ್ತಾರೆ. ದಾರಿಹೋಕನೊಬ್ಬ ಬಂದು, ಎಣಿಸಿದವನ ಎದೆಗೆ ಬೆರಳಿಟ್ಟು, ಹತ್ತನೆಯವನು ನೀನೇ ಎನ್ನುತ್ತಾನೆ.

ಈ ಕಥೆಯಲ್ಲಿ ದಾರಿಹೋಕ ಕೊಟ್ಟದ್ದೇನು ಎಂದು ಕೇಳಿಕೊಂಡರೆ ಗುರುವಿನ ಪಾತ್ರದ ಮೊದಲ ಪಾಠ ಸಿಗುತ್ತದೆ. ಹತ್ತನೆಯವನನ್ನು ಅವನು ಹೊಳೆಯಿಂದ ಎತ್ತಿ ತರಲಿಲ್ಲ. ಹತ್ತನೆಯವನು ಎಲ್ಲಿಗೂ ಹೋಗಿರಲಿಲ್ಲ. ಆದರೂ ಆ ದಾರಿಹೋಕ ಬಾರದೇ ಇದ್ದಿದ್ದರೆ ಅಳು ನಿಲ್ಲುತ್ತಿರಲಿಲ್ಲ. ಅವರು ಇನ್ನೂ ಶ್ರದ್ಧೆಯಿಂದ, ಇನ್ನೂ ನಿಧಾನವಾಗಿ ಎಣಿಸಿದ್ದರೂ ಲೆಕ್ಕ ಒಂಬತ್ತಕ್ಕೇ ನಿಲ್ಲುತ್ತಿತ್ತು. ಏಕೆಂದರೆ ತಪ್ಪು ಇದ್ದದ್ದು ಎಣಿಕೆಯ ಶ್ರದ್ಧೆಯಲ್ಲಲ್ಲ, ಎಣಿಸುವವನು ನಿಂತ ಜಾಗದಲ್ಲಿ. ಯಾವ ಮನಸ್ಸಿನಿಂದ ನಾವು ಹುಡುಕುತ್ತೇವೆಯೋ ಆ ಮನಸ್ಸಿಗೇ ತಪ್ಪು ಅಂಟಿಕೊಂಡಿರುವಾಗ ಹೊರಗಿನಿಂದ ಒಂದು ಮಾತು ಬರಬೇಕಾಗುತ್ತದೆ. ಗುರು ಬೇಕೆಂಬ ವಾದದ ಬುಡ ಇದು. ಭಕ್ತಿ, ವಿನಯ, ಪಾದಪೂಜೆಗಳೆಲ್ಲ ಆಮೇಲಿನವು.

ಶಂಕರಾಚಾರ್ಯರು ಇದನ್ನೇ ಶಾಸ್ತ್ರದ ಭಾಷೆಯಲ್ಲಿ, ಜ್ಞಾನವು ವಸ್ತುತಂತ್ರ, ಪುರುಷತಂತ್ರವಲ್ಲ ಎಂದು ಹೇಳುತ್ತಾರೆ. ಕರ್ಮವನ್ನು ಮಾಡಬಹುದು, ಬಿಡಬಹುದು, ಬೇರೆ ರೀತಿಯಲ್ಲಿಯೂ ಮಾಡಬಹುದು. ತಿಳಿವಳಿಕೆ ಹಾಗಲ್ಲ, ಅದು ವಸ್ತು ಹೇಗಿದೆಯೋ ಹಾಗೆಯೇ ಇರಬೇಕು. ಹಗ್ಗವನ್ನು ಹಗ್ಗವೆಂದು ತಿಳಿಯುವುದು ನನ್ನ ಇಚ್ಛೆಗೂ ನನ್ನ ಗುರುವಿನ ಇಚ್ಛೆಗೂ ಬಿಟ್ಟ ವಿಷಯವಲ್ಲ. ಆದ್ದರಿಂದ ಗುರು ಜ್ಞಾನವನ್ನು ಪ್ರಸಾದದಂತೆ ಕೈಗೆ ಹಾಕಲಾರ. ದೀಪ ಹಿಡಿಯಬಲ್ಲ, ನೋಡು ಎನ್ನಬಲ್ಲ. ನೋಡಬೇಕಾದ ಕಣ್ಣು ಶಿಷ್ಯನದು.

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಹೇಳುವ ದೃಷ್ಟಾಂತ ಇನ್ನೂ ಹರಿತವಾದದ್ದು. ಗಂಧಾರದ ಒಬ್ಬನನ್ನು ಕಣ್ಣುಕಟ್ಟಿ ತಂದು ನಿರ್ಜನ ಸ್ಥಳದಲ್ಲಿ ಬಿಟ್ಟುಹೋಗುತ್ತಾರೆ. ಅವನು ದಿಕ್ಕು ದಿಕ್ಕಿಗೆ ಮುಖಮಾಡಿ ಕೂಗುತ್ತಾನೆ. ಯಾರೋ ಒಬ್ಬ ಬಂದು ಕಣ್ಣಿನ ಪಟ್ಟಿ ಬಿಚ್ಚಿ, ಗಂಧಾರ ಈ ದಿಕ್ಕಿನಲ್ಲಿದೆ, ಹೀಗೆ ಹೋಗು ಎನ್ನುತ್ತಾನೆ. ಬುದ್ಧಿವಂತನಾದ ಆತ ಊರಿಂದ ಊರಿಗೆ ಕೇಳಿಕೊಂಡು ಗಂಧಾರ ಸೇರುತ್ತಾನೆ. ಆಚಾರ್ಯನನ್ನು ಪಡೆದವನು ಹೀಗೆಯೇ ತಿಳಿಯುತ್ತಾನೆ ಎನ್ನುತ್ತದೆ ಉಪನಿಷತ್ತು. ಇಲ್ಲಿ ಪಟ್ಟಿ ಬಿಚ್ಚಿದವನು ಜೊತೆಗೆ ನಡೆದು ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ಹೆಗಲ ಮೇಲೆ ಹೊತ್ತುಕೊಂಡು ಹೋಗುವುದಂತೂ ಇಲ್ಲವೇ ಇಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ದಾರಿಯುದ್ದಕ್ಕೂ ಅವನು ಊರೂರಿನಲ್ಲಿ ಬೇರೆ ಬೇರೆ ಜನರನ್ನು ಕೇಳಬೇಕಾಗುತ್ತದೆ. ದಾದರಿನಲ್ಲಿ ಇಳಿದು ಪ್ಲಾಟ್‌ಫಾರ್ಮ್ ಹುಡುಕುವ ಹೊಸಬನಂತೆ, ಎಲ್ಲ ಉತ್ತರಗಳೂ ಒಬ್ಬನಿಂದಲೇ ಸಿಗಬೇಕೆಂದು ಹಟ ಹಿಡಿದರೆ ಅವನು ಊರು ಸೇರುವುದಿಲ್ಲ. ಪಟ್ಟಿ ಬಿಚ್ಚುವವನು ಒಬ್ಬ, ದಾರಿ ಹೇಳುವವರು ಹಲವರು ಎಂಬ ಈ ವ್ಯತ್ಯಾಸವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

ಇನ್ನು ಪರಂಪರೆಯ ವಿಷಯಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಭೀಮಾತೀರದ ಸೀಮೆಯಲ್ಲಿದ್ದ ನಿಂಬರಗಿಯ ಮಹಾರಾಜರು ಲಿಂಗಾಯತರು. ಅವರಿಂದ ನಾಮ ಪಡೆದ ಉಮದಿಯ ಭಾವೂಸಾಹೇಬ ಮಹಾರಾಜರು ದೇಶಪಾಂಡೆ ಮನೆತನದ ಬ್ರಾಹ್ಮಣರು. ಜಾತಿಯ ಗೋಡೆಯನ್ನು ಗುರುಶಿಷ್ಯ ಸಂಬಂಧ ಎಷ್ಟು ಸಹಜವಾಗಿ ದಾಟಿತ್ತು ಎಂಬುದಕ್ಕೆ ಇದೊಂದೇ ಸಾಕು. ಭಾವೂಸಾಹೇಬರು ಇಂಚಗೇರಿಯಲ್ಲಿ ಮಠ ಸ್ಥಾಪಿಸಿದರು; 1914ರಲ್ಲಿ ತೀರಿಕೊಂಡರು. ಅವರ ಮಾರ್ಗ ನಾಮಸ್ಮರಣೆಯದು. ಗುರು ಕೊಟ್ಟ ನಾಮವನ್ನು ದಿನಕ್ಕೆ ಹಲವು ತಾಸು ಉಸಿರಿನೊಂದಿಗೆ ಹೊಂದಿಸಿಕೊಂಡು ಕೂರುವುದೇ ನೇಮ.

ಈ ಒಬ್ಬ ಗುರುವಿನ ಇಬ್ಬರು ಶಿಷ್ಯರನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡುವುದು ನಮ್ಮ ಪ್ರಶ್ನೆಗೆ ಬಹಳ ಉಪಯುಕ್ತ. ಮೊದಲನೆಯವರು ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆ. ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದರು, ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಉಪಕುಲಪತಿಯೂ ಆದರು, ಕೊನೆಗೆ ವಿಜಯಪುರ ಜಿಲ್ಲೆಯ ನಿಂಬಾಳದ ತಮ್ಮ ಆಶ್ರಮದಲ್ಲಿ 1957ರಲ್ಲಿ ದೇಹ ಬಿಟ್ಟರು. ಗ್ರೀಕ್ ತತ್ತ್ವಜ್ಞಾನವನ್ನೂ ಉಪನಿಷತ್ತುಗಳನ್ನೂ ಅರೆದು ಕುಡಿದಿದ್ದ ಈ ವಿದ್ವಾಂಸರು ಹದಿಹರೆಯದಲ್ಲಿ ಗುರು ಕೊಟ್ಟ ನಾಮವನ್ನು ಕೊನೆಯವರೆಗೂ ಬಿಡಲಿಲ್ಲ. ನಾಮದ ಮಾರ್ಗವನ್ನೇ ಮುಂದುವರಿಸಿದರು.

ಎರಡನೆಯವರು ಸೊಲ್ಲಾಪುರದ ಕಡೆಯ ಪಾಥ್ರಿಯಲ್ಲಿ 1888ರಲ್ಲಿ ಹುಟ್ಟಿ, ವಿಜಯಪುರದ ಒಂದು ವ್ಯಾಪಾರಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಸಿದ್ಧರಾಮೇಶ್ವರ ಮಹಾರಾಜರು. ಗುರು ತೀರಿಕೊಂಡ ಕೆಲವು ವರ್ಷಗಳ ಬಳಿಕ ಅವರು, ಧ್ಯಾನವೆಂಬುದು ಒಂದು ಹಂತ, ಅದರಾಚೆಗೂ ಹೋಗಬೇಕು ಎಂಬ ನಿಲುವಿಗೆ ಬಂದರು. ಗುರು ಹೀಗೆ ಹೇಳಿರಲಿಲ್ಲವಲ್ಲ ಎಂದು ಗುರುಬಂಧುಗಳು ಆಕ್ಷೇಪಿಸಿದರು. ಆದರೂ ಅವರು ನಿಲ್ಲಲಿಲ್ಲ. ನಾಮಧ್ಯಾನದ ನಿಧಾನದ ದಾರಿಯನ್ನು ಪಿಪೀಲಿಕಾ ಮಾರ್ಗವೆಂದೂ, ವಿಚಾರದಿಂದ ನೇರವಾಗಿ ತಲುಪುವ ದಾರಿಯನ್ನು ವಿಹಂಗಮ ಮಾರ್ಗವೆಂದೂ ಈ ಸಂಪ್ರದಾಯದಲ್ಲಿ ಕರೆಯುತ್ತಾರೆ. ಮರದ ತುದಿಯ ಹಣ್ಣಿಗೆ ಇರುವೆ ಬುಡದಿಂದ ಹತ್ತಿಕೊಂಡು ಹೋಗುತ್ತದೆ. ಹಕ್ಕಿ ಹಾರಿ ಹೋಗಿ ಕೂರುತ್ತದೆ. ಸಿದ್ಧರಾಮೇಶ್ವರರು ಹಕ್ಕಿಯ ದಾರಿ ಕಲಿಸಿದರು.

ಗುರು ಒಬ್ಬನೇ, ಶಿಷ್ಯರ ದಾರಿಗಳು ಎರಡು. ಇಬ್ಬರೂ ಕೊನೆಯವರೆಗೆ ಅದೇ ಗುರುವಿನ ಹೆಸರನ್ನೇ ಹೇಳಿದರು. ಗುರು ಕೊಡುವುದು ಒಂದು ವಿಧಾನವನ್ನು ಎಂದಾಗಿದ್ದರೆ ಇವರಲ್ಲಿ ಒಬ್ಬರು ಗುರುದ್ರೋಹಿ ಎನಿಸಬೇಕಿತ್ತು. ಸಂಪ್ರದಾಯ ಹಾಗೆಂದು ತೀರ್ಪು ಕೊಡಲಿಲ್ಲ. ಆದ್ದರಿಂದ ಗುರುವಿನಿಂದ ಶಿಷ್ಯನಿಗೆ ಬರುವುದು ವಿಧಾನಕ್ಕಿಂತ ಹಿಂದಿನದೊಂದು ಎಂದು ಊಹಿಸಬೇಕಾಗುತ್ತದೆ.

ಹಕ್ಕಿ ಮತ್ತು ಇರುವೆಯ ಈ ಚರ್ಚೆ ಹಳ್ಳಿಯ ಸಾಧಕರಿಗಷ್ಟೇ ಸೇರಿದ್ದಲ್ಲ. ಅದ್ವೈತದ ಪಂಡಿತರಲ್ಲೂ ಇದೇ ಜಗಳ ಬೇರೆ ಹೆಸರಿನಲ್ಲಿ ನಡೆದಿದೆ. ಗುರುವಿನ ಬಾಯಿಂದ ಕೇಳಿದ ಮಹಾವಾಕ್ಯ (ಅದು ನೀನೇ ಎಂಬಂಥ ಉಪನಿಷತ್ತಿನ ಮಾತು) ಪರೋಕ್ಷ ಜ್ಞಾನವನ್ನಷ್ಟೇ, ಅಂದರೆ ಕೇಳಿ ತಿಳಿದ ಜ್ಞಾನವನ್ನಷ್ಟೇ ಕೊಡುತ್ತದೆ, ಮನನ ನಿದಿಧ್ಯಾಸನಗಳಿಂದ, ಎಂದರೆ ಮತ್ತೆ ಮತ್ತೆ ಯೋಚಿಸಿ ಧ್ಯಾನಿಸುವುದರಿಂದ ಹದಗೊಂಡ ಮನಸ್ಸಿನಲ್ಲಿಯೇ ಅದು ಸಾಕ್ಷಾತ್ಕಾರವಾಗುತ್ತದೆ ಎಂದು ವಾಚಸ್ಪತಿ ಮಿಶ್ರರ ಭಾಮತೀ ಪಂಥ ಹೇಳಿದರೆ, ಅಡ್ಡಿಗಳಿಲ್ಲದವನಿಗೆ ಮಾತೇ ನೇರವಾಗಿ ಎಚ್ಚರ ತರಬಲ್ಲದು, ಹತ್ತನೆಯವನಿಗೆ ಆದದ್ದು ಅದೇ ತಾನೆ, ಎಂದು ಪ್ರಕಾಶಾತ್ಮರ ವಿವರಣ ಪಂಥ ವಾದಿಸುತ್ತದೆ. ಮಾವನವರಿಗೆ ಈ ಹೆಸರುಗಳು ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಅವರಿಗಿಲ್ಲ. ಆದರೆ ಹೊಲ ಹರಗಬೇಕೆನ್ನುವ ಅವರು ಯಾವ ಪಕ್ಷದವರೆಂಬುದು ಸ್ಪಷ್ಟ.

ಸಿದ್ಧರಾಮೇಶ್ವರರು ಮುಂಬಯಿಗೆ ಬಂದು ಪ್ರವಚನ ಮಾಡುತ್ತಿದ್ದ ಕಾಲದಲ್ಲಿ, 1933ರ ಸುಮಾರಿಗೆ, ಬೀಡಿ ಅಂಗಡಿಗಳನ್ನು ನಡೆಸುತ್ತಿದ್ದ ಮಾರುತಿ ಕಾಂಬಳಿ ಎಂಬ ಸಂಸಾರಸ್ಥರನ್ನು ಸ್ನೇಹಿತರೊಬ್ಬರು ಅವರ ಬಳಿಗೆ ಕರೆದೊಯ್ದರು. ಇವರೇ ಮುಂದೆ ನಿಸರ್ಗದತ್ತ ಮಹಾರಾಜರೆಂದು ಲೋಕಕ್ಕೆಲ್ಲ ಪರಿಚಿತರಾದವರು. ಗುರು ಅವರಿಗೆ ಹೇಳಿದ್ದು ಬಹಳವೇನಲ್ಲ: ನೀನು ಅಂದುಕೊಂಡಿರುವುದು ನೀನಲ್ಲ, ನಾನಿದ್ದೇನೆ ಎಂಬ ಭಾವವನ್ನು ಹಿಡಿದುಕೊಂಡು ಕೂರು, ಅದರ ಮೂಲವನ್ನು ನೋಡು ಎಂಬಷ್ಟೇ. ಗುರುವಿನ ಮಾತನ್ನು ನಂಬಿದೆ, ಹಾಗೆಯೇ ಮಾಡಿದೆ, ಸುಮಾರು ಮೂರು ವರ್ಷ ಹಿಡಿಯಿತು ಎಂದು ನಿಸರ್ಗದತ್ತರು ತಾವೇ ಹೇಳಿಕೊಂಡಿದ್ದಾರೆ. ಅಂಗಡಿಯಲ್ಲಿ ಕೂತಾಗಲೂ ಮನೆಯಲ್ಲಿದ್ದಾಗಲೂ ಬಿಡುವು ಸಿಕ್ಕಾಗಲೆಲ್ಲ ಅದೊಂದೇ ಕೆಲಸ.

ನನಗೆ ಈ ಪ್ರಸಂಗದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಆ ಮೂರು ವರ್ಷ. ನೀನು ದೇಹವಲ್ಲ, ಮನಸ್ಸಲ್ಲ ಎಂಬ ವಾಕ್ಯವನ್ನು ನಾವೆಲ್ಲರೂ ನೂರಾರು ಸಲ ಕೇಳಿದ್ದೇವೆ. ಹರಿಕಥೆಯಲ್ಲಿ ಕೇಳಿ ತಲೆದೂಗಿ, ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಮರೆತಿದ್ದೇವೆ. ವಾಕ್ಯದಲ್ಲಿ ಕೊರತೆಯಿಲ್ಲ, ಅದಕ್ಕೆ ನಮ್ಮಲ್ಲಿ ತೂಕವಿಲ್ಲ. ಅದೇ ವಾಕ್ಯ, ಅದರಲ್ಲೇ ಬಾಳುತ್ತಿರುವಂತೆ ಕಾಣುವ ಒಬ್ಬ ವ್ಯಕ್ತಿಯ ಬಾಯಿಂದ, ನನ್ನನ್ನೇ ನೋಡಿ, ನನಗೆಂದೇ ಬಂದಾಗ ಅದನ್ನು ತಳ್ಳಿಹಾಕಲು ಆಗುವುದಿಲ್ಲ. ಶ್ರದ್ಧೆ ಎಂಬ ಪದಕ್ಕೆ ಇಲ್ಲಿ ಕಣ್ಣುಮುಚ್ಚಿ ಒಪ್ಪುವುದು ಎಂಬ ಅರ್ಥ ಮಾಡಬಾರದು. ಪ್ರಯೋಗವೊಂದು ಫಲ ಕೊಡುವ ತನಕ ಅದನ್ನು ನಡುವೆ ಕೈಬಿಡದಂತೆ ಕಾಯುವ ಬಲ ಅದು. ದಿಕ್ಕು ಒಂದು, ಮಾತಿಗೆ ತೂಕ ಇನ್ನೊಂದು: ಗುರುವಿನಿಂದ ಬರುವುದು ಇವೆರಡೇ ಎಂದು ನಾನು ತಿಳಿದಿದ್ದೇನೆ. ಪುಸ್ತಕ ದಿಕ್ಕನ್ನು ತೋರಿಸಬಹುದು, ತೂಕವನ್ನು ತುಂಬುವುದು ಅದಕ್ಕೆ ಕಷ್ಟ. ಮೇಲಾಗಿ ಎಣಿಕೆಯಲ್ಲಿ ನಾನು ಎಲ್ಲಿ ತಪ್ಪಿದೆ ಎಂಬುದು ಪುಸ್ತಕಕ್ಕೆ ಕಾಣುವುದಿಲ್ಲ.

ನಿಸರ್ಗದತ್ತರು ಗಿರಗಾಂವದ ಖೇತವಾಡಿಯ ಹತ್ತನೆಯ ಗಲ್ಲಿಯಲ್ಲಿದ್ದರು. ಇಕ್ಕಟ್ಟಾದ ಮನೆಯ ಅಟ್ಟವೇ ಅವರ ಸತ್ಸಂಗದ ಜಾಗ. ಕಡಿದಾದ ಏಣಿಮೆಟ್ಟಿಲು ಹತ್ತಿ, ತಲೆ ಬಗ್ಗಿಸಿ ಒಳಗೆ ಹೋಗಬೇಕಿತ್ತು. ಕೆಳಗೆ ಬೀದಿಯ ಗದ್ದಲ, ಮೇಲೆ ಮರಾಠಿಯಲ್ಲಿ ಪ್ರಶ್ನೋತ್ತರ, ಪಕ್ಕದಲ್ಲಿ ಅನುವಾದಕರು, ಊದುಬತ್ತಿ, ಜೊತೆಗೆ ಬೀಡಿಯ ಹೊಗೆ. ಅವರ ಮಾತುಗಳನ್ನು ಇಂಗ್ಲಿಷಿಗೆ ತಂದು 1973ರಲ್ಲಿ ಪ್ರಕಟವಾಗುವಂತೆ ಮಾಡಿದ ಮಾರಿಸ್ ಫ್ರೀಡ್ಮನ್ ಪೋಲೆಂಡಿನ ಎಂಜಿನಿಯರು. ಅವರು ಭಾರತಕ್ಕೆ ಬಂದದ್ದು ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯ ಕೆಲಸಕ್ಕೆ ಎಂಬುದನ್ನು ಕನ್ನಡಿಗರು ನೆನೆಯಬಹುದು. ಕೊನೆಯ ವರ್ಷಗಳಲ್ಲಿ ಆ ಅಟ್ಟಕ್ಕೆ ದೂರದ ದೇಶಗಳಿಂದ ಜನ ಬರತೊಡಗಿದಾಗ, ಕೆಲವು ದಿನ ಕೇಳಿದವರಿಗೆ ಮಹಾರಾಜರು ಇನ್ನು ಹೊರಡಿ, ಬೇರೆಯವರಿಗೆ ಜಾಗ ಬಿಡಿ ಎನ್ನುತ್ತಿದ್ದರು. ಜಾಗದ ಅಭಾವ ನಿಜವೇ. ಆದರೂ ಗಂಧಾರದವನ ಪಟ್ಟಿ ಬಿಚ್ಚಿ, ನಡೆ ಎಂದ ಆ ಅನಾಮಿಕನ ದನಿ ನನಗೆ ಅದರಲ್ಲಿ ಕೇಳಿಸುತ್ತದೆ.

ಕರ್ನಾಟಕದ ಉಳಿದ ಪರಂಪರೆಗಳು ಗುರುವಿನ ಪಾತ್ರವನ್ನು ಬೇರೆ ಬೇರೆ ಒತ್ತಿನಿಂದ ವಿವರಿಸಿವೆ. ವೀರಶೈವರು ಭಕ್ತನ ರಕ್ಷಾಕವಚಗಳೆಂದು ಎಣಿಸುವ ಎಂಟರಲ್ಲಿ, ಅಂದರೆ ಅಷ್ಟಾವರಣದಲ್ಲಿ, ಗುರುವೇ ಮೊದಲನೆಯವನು. ವೇಧಾ, ಮಂತ್ರ, ಕ್ರಿಯಾ ಎಂಬ ಮೂರು ದೀಕ್ಷೆಗಳಿಂದ ಶಿಷ್ಯನ ಕಾರಣ, ಸೂಕ್ಷ್ಮ, ಸ್ಥೂಲ ಶರೀರಗಳನ್ನು ಶುದ್ಧಿಮಾಡಿ, ಇಷ್ಟಲಿಂಗವನ್ನು ಅಂಗೈಗೆ ಕೊಡುತ್ತಾನೆ. ಅಲ್ಲಿಂದ ಮುಂದಿನ ಪೂಜೆ ಶಿಷ್ಯನ ಕೈಯಲ್ಲೇ, ನಡುವೆ ಯಾರೂ ಇಲ್ಲ. ಮಧ್ವಾಚಾರ್ಯರ ಮತದಲ್ಲಿ ಗುರುಪ್ರಸಾದಕ್ಕಿಂತ ಬಲವಾದದ್ದಿಲ್ಲ. ಆದರೆ ಅದೇ ಉಸಿರಿನಲ್ಲಿ, ಶ್ರವಣಾದಿಗಳನ್ನು, ಅಂದರೆ ಕೇಳುವುದು, ಚಿಂತಿಸುವುದು, ಧ್ಯಾನಿಸುವುದನ್ನು, ಶಿಷ್ಯನು ಮಾಡಲೇಬೇಕು ಎಂದೂ ಹೇಳಿದೆ. ಮುಂಬಯಿಯ ಉಡುಪಿ ಹೋಟೆಲಿನ ಹಳಬರನ್ನು ಕೇಳಿದರೆ ಅವರು ಗಣೇಶಪುರಿಯ ನಿತ್ಯಾನಂದರನ್ನು ನೆನೆಯುತ್ತಾರೆ. 1961ರಲ್ಲಿ ಸಮಾಧಿಸ್ಥರಾದ ಅವರು ಆಡುತ್ತಿದ್ದ ಮಾತೇ ಕಡಿಮೆ. ಮಾತಿಲ್ಲದೆಯೂ ಗುರುವಿನ ಕೆಲಸ ನಡೆಯುತ್ತದೆ ಎನ್ನುವವರಿಗೆ ಅವರೇ ಉದಾಹರಣೆ. ಅದು ಹೇಗೆಂದು ವಿವರಿಸುವ ಶಕ್ತಿ ನನ್ನ ಈ ಬರಹಕ್ಕಿಲ್ಲ.

ತೂಕದ ವಿಷಯ ಹೇಳಿದೆನಲ್ಲ, ಅಪಾಯವೂ ಅಲ್ಲಿಯೇ ಇದೆ. ಮಾತಿಗೆ ಬರಬೇಕಾದ ತೂಕ ವ್ಯಕ್ತಿಗೆ ಅಂಟಿಕೊಂಡರೆ ಶಿಷ್ಯನ ಕಣ್ಣಿಗೆ ಇನ್ನೊಂದು ಪಟ್ಟಿ ಕಟ್ಟಿದಂತೆ. ನಮ್ಮ ಕಟ್ಟಡದ ಒಬ್ಬ ಅಕ್ಕನವರು ಗಂಡ ತೀರಿಕೊಂಡ ವರ್ಷ ಒಬ್ಬ ಸ್ವಾಮಿಗಳ ಬಳಿ ಹೋಗತೊಡಗಿದರು. ಮೊದಲ ದೀಕ್ಷೆಗೆ ಒಂದು ಕಾಣಿಕೆ, ವಿಶೇಷ ದೀಕ್ಷೆಗೆ ಇನ್ನೊಂದು. ಆಮೇಲೆ, ಬೇರೆ ಯಾರ ಪ್ರವಚನವನ್ನೂ ಕೇಳಬಾರದು ಎಂಬ ಕಟ್ಟಪ್ಪಣೆ. ಕೈಯ ಬಳೆ ಮಾರುವವರೆಗೆ ಅವರು ನಮ್ಮ ಯಾರ ಮಾತನ್ನೂ ಕೇಳಲಿಲ್ಲ. ಊರಿಂದ ಊರಿಗೆ ಕೇಳಿಕೊಂಡು ಹೋಗಬೇಡ ಎನ್ನುವವನು ದಾರಿ ತೋರಿಸುತ್ತಿಲ್ಲ, ದಾರಿಗೆ ಅಡ್ಡ ನಿಂತಿದ್ದಾನೆ ಎಂದು ಅವರಿಗೆ ಹೇಳುವ ಧೈರ್ಯ ಅಂದು ನನಗೂ ಇರಲಿಲ್ಲ.

ಮುಂಡಕ ಉಪನಿಷತ್ತು ಗುರುವಿಗೆ ಎರಡೇ ಲಕ್ಷಣಗಳನ್ನು ಹೇಳುತ್ತದೆ: ಶ್ರೋತ್ರಿಯ ಮತ್ತು ಬ್ರಹ್ಮನಿಷ್ಠ. ಪರಂಪರೆಯ ಮಾತನ್ನು ಬಲ್ಲವನಾಗಿರಬೇಕು, ಆ ಮಾತಿನಲ್ಲಿ ತಾನು ನೆಲೆನಿಂತವನಾಗಿರಬೇಕು. ಮೊದಲನೆಯದಷ್ಟೇ ಇದ್ದರೆ ಒಳ್ಳೆಯ ಮೇಷ್ಟ್ರು ಸಿಗುತ್ತಾರೆ. ಎರಡನೆಯದಷ್ಟೇ ಇದ್ದರೆ ಒಬ್ಬ ಸಂತ ಸಿಗುತ್ತಾನೆ, ಆದರೆ ಅವನಿಗೆ ತಾನು ಕಂಡದ್ದನ್ನು ಇನ್ನೊಬ್ಬನ ತಪ್ಪು ಎಣಿಕೆಗೆ ಹೊಂದಿಸಿ ಹೇಳಲು ಬಾರದೆ ಹೋಗಬಹುದು. ಪವಾಡ, ಜನಸಂದಣಿ, ಆಶ್ರಮದ ವಿಸ್ತಾರ ಇವು ಯಾವುವೂ ಈ ಪಟ್ಟಿಯಲ್ಲಿ ಇಲ್ಲ. ಲೆಕ್ಕ ಬರೆಯುವವರು, ಪ್ರಾಧ್ಯಾಪಕರು, ಬೀಡಿ ಮಾರುವವರು ಗುರುಗಳಾದ ಪರಂಪರೆಯ ಬಗ್ಗೆ ನನಗೆ ವಿಶೇಷ ಗೌರವವಿರುವುದು ಇದಕ್ಕಾಗಿಯೇ.

ಹಾಗಾದರೆ ಗುರುವಿಲ್ಲದೆ ಎಚ್ಚರಗೊಂಡವರು? 1896ರಲ್ಲಿ ಮಧುರೆಯ ಮನೆಯೊಂದರಲ್ಲಿ, ಹದಿನಾರರ ಹುಡುಗ ವೆಂಕಟರಾಮನ್ ಸಾವಿನ ಭಯ ಹಠಾತ್ತನೆ ಆವರಿಸಿದಾಗ ಅಂಗಾತ ಮಲಗಿ, ಸಾಯುವುದು ಯಾವುದು, ಉಳಿಯುವುದು ಯಾವುದು ಎಂದು ನೋಡಿಕೊಂಡ. ಅವನೇ ರಮಣ ಮಹರ್ಷಿ. ಎದುರಿಗೆ ಮನುಷ್ಯ ಗುರು ಇರಲಿಲ್ಲ. ಆದರೆ ಗುರು ಬೇಡವೆಂದು ರಮಣರು ಹೇಳಲಿಲ್ಲ. ಅರುಣಾಚಲವನ್ನೇ ಗುರುವೆಂದರು, ಗುರು ಒಳಗೂ ಇದ್ದಾನೆ ಎಂದರು. ಭಾಗವತದ ಅವಧೂತ ಭೂಮಿ, ಗಾಳಿ, ಜೇನ್ನೊಣ ಸೇರಿ ಇಪ್ಪತ್ನಾಲ್ಕು ಗುರುಗಳನ್ನು ಎಣಿಸುತ್ತಾನೆ. ಇದಕ್ಕೆ ವಿರುದ್ಧವಾಗಿ ನಿಂತವರು ಜಿಡ್ಡು ಕೃಷ್ಣಮೂರ್ತಿ. ತಮ್ಮನ್ನು ಜಗದ್ಗುರುವೆಂದು ಮೆರೆಸಲು ಕಟ್ಟಿದ್ದ ಸಂಘವನ್ನು 1929ರಲ್ಲಿ ತಾವೇ ವಿಸರ್ಜಿಸಿ, ಗುರುವಿನ ಅಧಿಕಾರವೇ ಎಚ್ಚರಕ್ಕೆ ಅಡ್ಡಿ ಎಂದು ಜೀವನವಿಡೀ ಹೇಳಿದರು. ಅಧಿಕಾರದ ಬಗೆಗಿನ ಅವರ ಎಚ್ಚರಿಕೆ ನಮ್ಮ ಕಾಲಕ್ಕೆ ಅಗತ್ಯವಾದದ್ದೇ. ಆದರೂ ಮುಂಬಯಿಯಲ್ಲಿ ಅವರು ಮಾತಾಡುವಾಗ ಸಾವಿರಾರು ಜನ ಉಸಿರು ಬಿಗಿಹಿಡಿದು ಕೇಳಿದ್ದು ಏಕೆ? ಆ ಮಾತಿಗೆ ತೂಕವಿತ್ತು ಎಂದೇ ಅಲ್ಲವೇ?

ಅರಿವೇ ಗುರು ಎಂಬ ಮಾತನ್ನು ನಾನು ಈಗ ಈ ಬೆಳಕಿನಲ್ಲಿ ಓದುತ್ತೇನೆ. ನೀನೇ ಹತ್ತನೆಯವನು ಎಂದ ದಾರಿಹೋಕನ ಮಾತು ಒಮ್ಮೆ ಒಳಗಿಳಿದ ಮೇಲೆ, ಹತ್ತನೆಯವನಿಗೆ ತಾನು ಹತ್ತನೆಯವನೆಂದು ತಿಳಿಯಲು ಪ್ರತಿದಿನ ಆ ದಾರಿಹೋಕ ಬೇಕಾಗುವುದಿಲ್ಲ. ಹೊರಗಿನ ಗುರು ತೋರಿಸಿದ್ದು ಒಳಗಿನ ಅರಿವನ್ನೇ. ಆದರೆ ಹೊಳೆಯ ದಂಡೆಯಲ್ಲಿ ಇನ್ನೂ ಎಣಿಸುತ್ತ ಅಳುತ್ತಿರುವವನಿಗೆ ಅರಿವೇ ಗುರು ಎಂದು ಹೇಳಿದರೆ ಅವನು ಇನ್ನೊಂದು ಸಲ ಒಂಬತ್ತನ್ನೇ ಎಣಿಸುತ್ತಾನೆ. ಗುಲಾಮನಾಗು ಎಂಬ ದಾಸರ ಮಾತು ಅವನಿಗೆ. ತನ್ನ ಎಣಿಕೆಯೇ ಸರಿ ಎಂಬ ಹಟ ಬಿಡುವುದಕ್ಕೆ ಆ ಪದದಷ್ಟು ಖಾರವಾದ ಪದವೇ ಬೇಕೇನೋ.

ಗುರು ತೀರಿಕೊಂಡ ಮೇಲೆ ಏನು ಎಂಬುದೊಂದು ಪ್ರಶ್ನೆ ಉಳಿಯುತ್ತದೆ. ಸಿದ್ಧರಾಮೇಶ್ವರರು 1936ರಲ್ಲಿ ದೇಹ ಬಿಟ್ಟರು. ನಿಸರ್ಗದತ್ತರಿಗೆ ಅವರ ಸಾನ್ನಿಧ್ಯ ಸಿಕ್ಕಿದ್ದು ಹೆಚ್ಚೆಂದರೆ ಮೂರು ವರ್ಷ. ಅಲ್ಲಿಂದ 1981ರಲ್ಲಿ ತಾವು ತೀರಿಕೊಳ್ಳುವವರೆಗೆ, ಅಂದರೆ ನಲವತ್ತೈದು ವರ್ಷ, ಅವರು ದಿನವೂ ಗುರುವಿನ ಪಟಕ್ಕೆ ಪೂಜೆ, ಭಜನೆ ನಡೆಸಿಕೊಂಡು ಬಂದರು. ಎಲ್ಲವೂ ಒಂದೇ ಎನ್ನುವ ಜ್ಞಾನಿಗೆ ಪೂಜೆ ಯಾಕೆ ಎಂದು ಕೇಳುವ ಪರದೇಶದವರಿಗೆ ಅದು ಒಗಟಾಗಿತ್ತು. ನಮ್ಮ ಹಳ್ಳಿಗಳಲ್ಲಿ ಬೆಳೆದವರಿಗೆ ಅಷ್ಟು ಒಗಟಲ್ಲ. ಬಿತ್ತನೆ ಬೀಜ ಕೊಟ್ಟ ಮನೆಯನ್ನು ಸುಗ್ಗಿಯಲ್ಲಿ ಯಾರೂ ಮರೆಯುವುದಿಲ್ಲ.

ಬಾಣಗಂಗೆಯಲ್ಲಿ ಸಿದ್ಧರಾಮೇಶ್ವರರ ಸಮಾಧಿಗೆ ನಮಸ್ಕರಿಸಿ ಬಂದ ಮಾವನವರು ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿದರು. ಕಡಲು ಕೂಗಳತೆಯಲ್ಲಿದ್ದರೂ ಸಿಹಿಯಾಗಿಯೇ ಉಳಿದಿರುವ ಆ ನೀರಿನಲ್ಲಿ ಬಾತುಕೋಳಿಗಳು ಓಡಾಡುತ್ತಿದ್ದವು. ಹುಡುಗರು ಕೆಳಗಿನ ಮೆಟ್ಟಿಲಲ್ಲಿ ಚೆಂಡಾಡುತ್ತಿದ್ದರು. ಅರ್ಧ ತಾಸಿನ ನಂತರ ಅವರು ಕಣ್ಣು ತೆರೆದರು. ಇನ್ನೇನಾದರೂ ಹೇಳುವರೇನೋ ಎಂದು ನಾನು ಕಾದೆ. "ನಡೀರಿ, ಇನ್ನ ತಡಾ ಆದ್ರ ಲೋಕಲ್‌ದಾಗ ನಿಲ್ಲಾಕೂ ಜಾಗ ಸಿಗೂದಿಲ್ಲ" ಎಂದು ಧೋತರದ ಧೂಳು ಕೊಡವಿಕೊಂಡು ಎದ್ದರು.